ಐದನೇ ಕುರ್ಚಿಯ ಹೃದಯ

ಮರ್ರಿಡೇಲ್ ಊರಿನ ಆಸ್ಪತ್ರೆಯಲ್ಲಿ ವ್ಯರ್ಥ ಚಿಕಿತ್ಸೆಯನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಯಾವುದು ವ್ಯರ್ಥವೆಂಬುದನ್ನು ಐವರು ಸದಸ್ಯರ ಸಮಿತಿಯು ಗುರುವಾರಗಳಂದು ತೀರ್ಮಾನಿಸುತ್ತದೆ. ಐವರೂ ಹಾಜರಿಲ್ಲದಿದ್ದರೆ ಸಭೆ ನಡೆಯುವಂತಿಲ್ಲ. ಸಭೆ ನಡೆಯದೆ ಚಿಕಿತ್ಸೆ ನಿಲ್ಲುವಂತಿಲ್ಲ, ರೋಗಿಯೇ ಬೇಡವೆಂದರೂ ಸರಿ. ರೋಗಿಗಳ ಪ್ರತಿನಿಧಿಯ ಐದನೇ ಕುರ್ಚಿ ಹನ್ನೊಂದು ತಿಂಗಳಿಂದ ಖಾಲಿಯಿದ್ದ ಕಾರಣ, ಎಂಟು ಮಂದಿ ಹಿರಿಯರ ಹೃದಯಗಳು ನಿಯಮಬದ್ಧವಾಗಿ ಬಡಿಯುತ್ತಿದ್ದವು.

ಅವರಲ್ಲೊಬ್ಬ ತೊಂಬತ್ಮೂರರ ಕ್ಲ್ಯಾರಿ ಟ್ರೆಜಿಸ್ ಅಜ್ಜ, ಕುರಿಗಳ ಉಣ್ಣೆ ಕತ್ತರಿಸಿ ಬೆನ್ನು ಬಾಗಿದವನು. ಉಳಿದಿರುವ ನಾಲ್ಕಾರು ಗುರುವಾರಗಳನ್ನು ಕ್ಲಬ್ಬಿನ ಹುಲ್ಲಂಗಳದಲ್ಲಿ ಗೆಳೆಯರೊಂದಿಗೆ ಚೆಂಡು ಉರುಳಿಸುತ್ತ ಕಳೆಯಬೇಕೆಂಬುದೊಂದೇ ಅವನ ಆಸೆ. ಡ್ರಿಪ್ಪಿನಿಂದಾಗಲಿ, ಹೃದಯಕ್ಕೆ ಹಾಕಲಿರುವ ಪೇಸ್‌ಮೇಕರ್ ಎಂಬ ಹೊಸ ತಂತಿಯಿಂದಾಗಲಿ ಉಪಯೋಗವಿಲ್ಲವೆಂದು ಡಾಕ್ಟರೂ ಒಪ್ಪಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ಹಂಗಾದ್ರೆ ಆ ಕುರ್ಚೀಲಿ ನಾನೇ ಕೂತ್ಕೋತೀನಿ," ಎಂದ ಅಜ್ಜ. "ಹೆಂಗಿದ್ರೂ ಇಲ್ಲಿ ಸುಮ್ನೆ ಕೂತೇ ಇದೀನಿ."

ಮೂರೇ ದಿನಕ್ಕೆ ನೇಮಕವಾಯಿತು. ಮೊದಲ ಸಭೆಯಲ್ಲಿ ಕೈಯೆತ್ತಿ ಏಳು ಮಂದಿಯನ್ನು ಮನೆಗೆ ಕಳಿಸಿದ. ಎಂಟನೆಯ ಕಡತ ಅವನದೇ.

"ನಿಮ್ಮ ವಿಷಯ ಬಂದಾಗ ನೀವು ಇಲ್ಲಿರೋ ಹಾಗಿಲ್ಲ ಕ್ಲ್ಯಾರಿ," ಎಂದರು ಅಧ್ಯಕ್ಷೆ ವಿಟ್‌ಫರ್ಡ್. "ಸ್ವಹಿತಾಸಕ್ತಿ ಆಗುತ್ತೆ."

"ನನ್ನ ಜೀವದ ಮೇಲೆ ನಂಗೆ ಆಸಕ್ತಿ ಇದೆ ಅಂತೀರಾ?"

"ಹಾಗೊಂದು ಅನುಮಾನ. ಸ್ವಲ್ಪ ಹೊರಗೆ ಕೂತಿರಿ, ಟೀ ಕಳಿಸ್ತೀನಿ."

ಡ್ರಿಪ್ಪಿನ ಕಂಬ ತಳ್ಳಿಕೊಂಡು ಅಜ್ಜ ಹೊರಹೋದ. ಒಳಗೆ ನಾಲ್ವರೇ ಉಳಿದದ್ದರಿಂದ ಸಭೆ ನಿಂತಿತು. ಆಮೇಲೆ ಅವನನ್ನು ಒಳಕ್ಕೆ ಕರೆದು, ಸಭೆ ನಡೆಯಲಿಲ್ಲವೆಂದು ತಿಳಿಸಲು ಸಭೆ ನಡೆಸಲಾಯಿತು. ಹೀಗೆ ಆರು ಗುರುವಾರ ಕಳೆದವು. ಏಳನೆಯದರಲ್ಲಿ ಅವನು ರಾಜೀನಾಮೆ ಕೊಟ್ಟ. ಅದೂ ಅವನದೇ ವಿಷಯವಾದ್ದರಿಂದ ಮತ್ತೆ ಹೊರಗೆ, ಮತ್ತೆ ಟೀ.

ಕೊನೆಗೆ ಆಸ್ಪತ್ರೆಯೇ ಸುತ್ತೋಲೆ ಹೊರಡಿಸಿತು: "ಐದನೇ ಸದಸ್ಯರು ತೀರಿಕೊಂಡಲ್ಲಿ ಸಮಿತಿ ನಿಲ್ಲುತ್ತದೆ. ಸಮಿತಿ ನಿಂತಲ್ಲಿ ವ್ಯರ್ಥ ಚಿಕಿತ್ಸೆಗಳು ನಿಲ್ಲುವುದಿಲ್ಲ. ಆದಕಾರಣ ಸದರಿಯವರ ಚಿಕಿತ್ಸೆಯು ವ್ಯರ್ಥವಲ್ಲ, ಅತ್ಯಗತ್ಯ. ಹೊಸ ತಂತಿಯ ಬ್ಯಾಟರಿ ಹತ್ತು ವರ್ಷ ಬರುವುದರಿಂದ ಸದಸ್ಯತ್ವದ ಅವಧಿಯನ್ನೂ ಅಷ್ಟಕ್ಕೇ ಏರಿಸಲಾಗಿದೆ."

ಓದಿ ಅಜ್ಜನಿಗೆ ನಿಜಕ್ಕೂ ದುಃಖವಾಯಿತು. ಕಿಟಕಿಯಾಚೆ ಕ್ಲಬ್ಬಿನ ಹುಲ್ಲು ಕಾಣುತ್ತಿತ್ತು. ಮುಂದಿನ ಸಭೆಗೆ ಹೋಗುವುದೇ ಇಲ್ಲವೆಂದುಕೊಂಡ. ಆದರೆ ಅಂದಿನ ಮೊದಲ ಕಡತ ಡಲ್ಸಿಯದು. ನಲವತ್ತು ವರ್ಷ ಅವನ ಜೊತೆ ಆಡಿದವಳು, ಎರಡು ವಾರದಿಂದ ಪಕ್ಕದ ವಾರ್ಡಿನಲ್ಲಿದ್ದಳು. ಹೋಗಿ ಕೈಯೆತ್ತಿದ.

ಸಂಜೆ ಡಲ್ಸಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. "ನೀನ್ಯಾವಾಗ ಬರ್ತೀಯೋ? ಗುರುವಾರದ ಆಟಕ್ಕೆ ಒಬ್ರು ಕಮ್ಮಿ."

"ಗುರುವಾರ ಆಗಲ್ಲ ಕಣೇ, ಮೀಟಿಂಗ್ ಇರುತ್ತೆ," ಎಂದ ಅಜ್ಜ. "ನಾನಿಲ್ದಿದ್ರೆ ಇಲ್ಲಿಂದ ಯಾರೂ ಮನೆಗೆ ಹೋಗೋ ಹಾಗಿಲ್ಲ."

ಡಲ್ಸಿಗೂ ಅದು ಸರಿಯೆನಿಸಿತು. ಹಾಗಿದ್ದರೆ ಈ ಸಲ ಶುಕ್ರವಾರ ಆಡೋಣವೇ ಎಂದು ಕೇಳಿದಳು. ಅಜ್ಜ ಗೋಡೆಯ ಕ್ಯಾಲೆಂಡರ್ ನೋಡಿದ. ಶುಕ್ರವಾರ ಅವನಿಗೆ ಹೊಸ ತಂತಿ ಹಾಕುವುದಿತ್ತು.