ಹವಾ ಬದಲಾವಣೆಗೆ ಹೊರಟ ಮಣ್ಣು

ಕಾಯಿಲೆಯವರನ್ನು ಹವಾ ಬದಲಾವಣೆಗೆ ಕರೆದುಕೊಂಡು ಹೋಗುವವರನ್ನು ನೀವು ನೋಡಿರಬಹುದು. ಮಣ್ಣನ್ನು ಹವಾ ಬದಲಾವಣೆಗೆ ಕರೆದುಕೊಂಡು ಹೋಗುವವರನ್ನು ನೋಡಿದ್ದೀರಾ? ಅದೂ ರೈಲಿನಲ್ಲಿ, ಸೀಟಿನ ಕೆಳಗೆ ಜಾಗ ಹಿಡಿದು, ಸ್ಟೇಷನ್ನು ಬಂದಾಗಲೆಲ್ಲ ಬಗ್ಗಿ ಯೋಗಕ್ಷೇಮ ವಿಚಾರಿಸುತ್ತಾ? ನೋಡಿಲ್ಲ ತಾನೆ! ಹಾಗಾದರೆ ನಿಮಗೆ ನನ್ನ ಭಾವನ ಪರಿಚಯವಿಲ್ಲ. ನೀವು ಪುಣ್ಯವಂತರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ವಿಜಯವಾಡದಲ್ಲಿ ನಾಲ್ಕು ವರ್ಷ ಬೆಂದು, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಿದ್ದರು. ಮೊಬೈಲು ಆಗಷ್ಟೇ ಎಲ್ಲರ ಜೇಬಿಗೂ ಇಳಿಯುತ್ತಿದ್ದ ಕಾಲ. ನಾನು ಅಲ್ಲಿಯ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿ, ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ನನ್ನ ಬಗ್ಗೆ ಹೇಳಬೇಕಾದ್ದು ಒಂದೇ ಮಾತು: ನಾನು ಹುಟ್ಟಾ ಪುಕ್ಕಲ. ಹಲ್ಲಿಗೆ ಹೆದರುತ್ತೇನೆ, ಟಿಕೆಟ್ ಇದ್ದರೂ ಟಿಕೆಟ್ ಕಲೆಕ್ಟರಿಗೆ ಹೆದರುತ್ತೇನೆ, ಅಕ್ಕನಿಗಂತೂ ಅವಳು ಮಲಗಿದ್ದಾಗಲೂ ಹೆದರುತ್ತೇನೆ. ಭಾವ ಯಾವುದಕ್ಕೂ ಹೆದರುವವರಲ್ಲ. ಇಂಥ ಇಬ್ಬರನ್ನು ಒಂದೇ ಮನೆಯಲ್ಲಿಟ್ಟ ದೇವರಿಗೆ ಅವತ್ತು ಬೇರೆ ಕೆಲಸ ಇರಲಿಲ್ಲವೇನೋ.

ಕುಂಡದ ಗಿಡ ಒಣಗಿ ಹೋದರೆ ಅದರ ಮಣ್ಣನ್ನು ನಾವು ನೀವು ಏನು ಮಾಡುತ್ತೇವೆ? ಕಾಂಪೌಂಡಿನ ಮೂಲೆಗೆ ಸುರಿದು ಹೊಸ ಮಣ್ಣು ತರುತ್ತೇವೆ. ಭಾವನ ಎದುರು ಹಾಗೆ ಮಾಡಿ ನೋಡಿ! ಕುಂಡವನ್ನು ಹಳೆಯ ಬೆಡ್‌ಶೀಟಿನ ಮೇಲೆ ಬೋರಲು ಹಾಕಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬೇರಿನ ಚೂರುಗಳನ್ನು ಆರಿಸಿ, ಹೆಂಟೆ ಒಡೆದು, ಅಕ್ಕನ ಹಿಟ್ಟಿನ ಜರಡಿಯಲ್ಲೇ ಜರಡಿ ಹಿಡಿದು, ಒಂದು ಹಿಡಿ ನನ್ನ ಮೂಗಿನ ಹತ್ತಿರ ತರುತ್ತಿದ್ದರು.

"ಮೂಸು. ಏನನ್ಸುತ್ತೆ?"

"ಮಣ್ಣು ಅನ್ಸುತ್ತೆ ಭಾವ."

"ಹುಳಿ ವಾಸನೆ ಬರ್ತಿಲ್ವೇನೋ? ಬೇರುಹುಳ ಸೇರ್ಕೊಂಡಿದೆ. ಕೈ ಹಾಕಿ ನೋಡು."

ಕೈ ಹಾಕಬೇಕಂತೆ! ಒಮ್ಮೆ ಹಾಕಿದ್ದೆ. ಒಳಗಿದ್ದ ಜರಿಯೊಂದು ತನ್ನ ಎಲ್ಲ ಕಾಲುಗಳ ಸಮೇತ ನನ್ನ ಮೊಣಕೈವರೆಗೆ ಬಂದು, ನನ್ನ ಕೂಗು ಕೇಳಿ ಅದೇ ಹೆದರಿ ವಾಪಸು ಹೋಯಿತು.

ಹುಳ ಹೋಗಲು ಮಣ್ಣನ್ನು ಬಿಸಿಲಲ್ಲಿ ಬೇಯಿಸಬೇಕು. ಆಮೇಲೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಒಂದಿಷ್ಟು ಸೌದೆ ಬೂದಿ ಬೆರೆಸಿ, ನೀರು ಚಿಮುಕಿಸಿ, ಗೋಣಿಯಲ್ಲಿ ಹದಿನೈದು ದಿನ ಮಲಗಿಸಬೇಕು. ನಮ್ಮ ಬೀದಿಯ ಯಾವ ಬಾಣಂತಿಗೂ ಅಷ್ಟು ಆರೈಕೆ ನಡೆದದ್ದನ್ನು ನಾನು ಕಾಣೆ.

ಗೊಬ್ಬರದ ವಿಷಯದಲ್ಲಿ ಭಾವನಿಗೆ ಜಾತಿಮತ ಭೇದವೂ ಇರಲಿಲ್ಲ. ಒಂದು ಭಾನುವಾರ ಸಮುದ್ರ ನೋಡಿಬರೋಣವೆಂದು ನನ್ನನ್ನು ಭೀಮುನಿಪಟ್ಟಣಕ್ಕೆ ಕರೆದೊಯ್ದರು. ಸಮುದ್ರದ ಕಡೆ ಅವರು ತಿರುಗಿಯೂ ನೋಡಲಿಲ್ಲ. ಮೀನು ಒಣಗಿಸುವವರ ಹತ್ತಿರ ಹೋಗಿ, ಉದುರಿದ ಒಣಮೀನಿನ ಪುಡಿಯನ್ನು ಗುಡಿಸಿಸಿಕೊಂಡು, ನನ್ನ ಆಫೀಸಿನ ಬ್ಯಾಗಿಗೆ ತುಂಬಿದರು! ನಮ್ಮದೋ ಈರುಳ್ಳಿಗೂ ವಾರ ನೋಡುವ ಮನೆ. ಬಸ್ಸಿನಲ್ಲಿ ಅಕ್ಕಪಕ್ಕದವರು ಒಬ್ಬೊಬ್ಬರೇ ಎದ್ದು ದೂರ ಹೋದರು. ನನಗೆ ಅವರ ಚಿಂತೆಯಿರಲಿಲ್ಲ, ಅಕ್ಕನ ಮೂಗಿನ ಚಿಂತೆ. ಅವಳು ಗೇಟಿನಲ್ಲೇ ನಿಂತಿದ್ದಳು.

"ಏನ್ರೀ ಅದು ವಾಸನೆ?"

"ಸಮುದ್ರದ ಗಾಳಿ ಕಣೇ. ಬಟ್ಟೆಗೆ ಹಿಡ್ಕೊಂಡಿದೆ," ಎಂದರು ಭಾವ, ಕಣ್ಣು ಮಿಟುಕಿಸದೆ.

ಸಂಜೆಗೆ ನಮ್ಮ ಕಾಂಪೌಂಡಿನ ಮೇಲೆ ಏಳು ಬೆಕ್ಕುಗಳು ಸಾಲಾಗಿ ಕೂತಿದ್ದವು. ಅಕ್ಕ ಪೊರಕೆ ಹಿಡಿದು ಬಂದಳು. "ಇವೂ ಸಮುದ್ರದ ಗಾಳಿ ತಗೊಳ್ಳೋಕೆ ಬಂದ್ವೇನ್ರೀ?" ಪೊರಕೆ ಬೆಕ್ಕಿಗೋ ಭಾವನಿಗೋ ಎಂಬುದು ತೀರ್ಮಾನವಾಗುವ ಮೊದಲೇ ನಾನು ಬಚ್ಚಲು ಸೇರಿ ಚಿಲಕ ಹಾಕಿಕೊಂಡೆ.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಭಾವನಿಗೆ ವಿಶಾಖಪಟ್ಟಣದ ಬಿಸಿಲು ಒಗ್ಗಲಿಲ್ಲ. ಅವರಿಗಲ್ಲ, ಅವರ ಮಣ್ಣಿಗೆ!

"ಈ ಊರಿನ ಬಿಸಿಲು ಬೆವರಿಳಿಸುತ್ತೆ ಅಷ್ಟೇ ಕಣೋ, ಬೇಯಿಸಲ್ಲ. ಸಮುದ್ರ ಪಕ್ಕದಲ್ಲೇ ಇದೆ ನೋಡು, ಎಲ್ಲ ತೇವ. ಬಿಸಿಲು ಅಂದ್ರೆ ಬೆಜವಾಡದ ಬಿಸಿಲು! ಮೇ ತಿಂಗಳಲ್ಲಿ ಮೂರು ದಿನ ಸಾಕು, ಒಂದು ಹುಳ ಉಳಿಯಲ್ಲ."

ಬೆಜವಾಡ ಅಂದರೆ ಅದೇ ವಿಜಯವಾಡ, ಹಳೆಯ ಹೆಸರು. ಹುಳ ಮಾತ್ರವಲ್ಲ, ಅಲ್ಲಿ ಮೇ ತಿಂಗಳಲ್ಲಿ ಮನುಷ್ಯರು ಉಳಿಯುವುದೇ ಕಷ್ಟ. ಆದರೂ ಅವರು ವರ್ಷಕ್ಕೊಮ್ಮೆ ರಜೆ ಹಾಕಿ, ಎರಡು ಮೂಟೆ ಸುಸ್ತಾದ ಮಣ್ಣನ್ನು ರೈಲಿಗೆ ಹತ್ತಿಸಿ, ವಿಜಯವಾಡದ ಗವರ್ನರ್‌ಪೇಟೆಯಲ್ಲಿ ತಾವು ಮೊದಲಿದ್ದ ಬಾಡಿಗೆ ಮನೆಯ ತಾರಸಿಯಲ್ಲಿ ಬೇಯಿಸಿ, ಮರಳಿ ವಿಶಾಖಪಟ್ಟಣಕ್ಕೆ ತರುತ್ತಿದ್ದರು. ಬ್ಯಾಂಕಿನವರಿಗೆ ಹೇಳುತ್ತಿದ್ದ ಕಾರಣ "ಕುಟುಂಬದ ಆರೋಗ್ಯ".

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಭಾವನಿಗೆ ಎದೆನೋವು ಬಂತು. ಆಸ್ಪತ್ರೆ, ಸ್ಟೆಂಟು, ಗಾಜಿನ ಬಾಗಿಲಾಚೆ ಒಂದು ವಾರ. ಆ ವಾರದ ಬಗ್ಗೆ ತಮಾಷೆ ಮಾಡಲು ನನಗೆ ಈಗಲೂ ಬರುವುದಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಮೂರು ಮಾತು: ಭಾರ ಎತ್ತಬಾರದು, ಅವಸರದಲ್ಲಿ ಮೆಟ್ಟಿಲು ಹತ್ತಬಾರದು, ಉರಿಬಿಸಿಲಿಗೆ ಹೋಗಲೇಬಾರದು. ಭಾವ ಮೂರಕ್ಕೂ ತಲೆಯಾಡಿಸಿದರು. ಮೇ ತಿಂಗಳು ಬಂತು. ಭಾವ ಮಣ್ಣಿನ ಮೂಟೆ ಕಟ್ಟಲು ಕೂತರು!

ಅಕ್ಕ ಅತ್ತಳು, ಕೂಗಾಡಿದಳು, ಎರಡು ದಿನ ಮಾತು ಬಿಟ್ಟಳು. ಭಾವ ಊಟ ಬಿಟ್ಟರು. ಕೊನೆಗೆ ಸೋತ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

"ಜೊತೆಗೆ ನೀನೂ ಹೋಗ್ತಿದೀಯ. ಮೂಟೆ ನೀನೇ ಎತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಅವರು ತಾರಸಿ ಮೆಟ್ಟಿಲು ತುಳೀಕೂಡದು. ತುಳಿದ್ರೋ, ನೀನು ಈ ಮನೆ ಮೆಟ್ಟಿಲು ತುಳೀಬೇಡ."

ಆ ರೈಲಿನ ಪ್ರಯಾಣವೊಂದೇ ಸಾಕಾಗಿತ್ತು ನನ್ನ ಪ್ರಾಣ ತೆಗೆಯಲು. ಹೊರಟು ಗಂಟೆಯಾಗಿಲ್ಲ, ರೈಲ್ವೆ ಪೊಲೀಸಿನವನೊಬ್ಬ ಬಂದು ಲಾಠಿಯಿಂದ ಮೂಟೆ ತಿವಿದ.

"ಏಮಿಟಂಡಿ ಇದಿ?" ಏನ್ರೀ ಇದು?

"ಮಟ್ಟಿ," ಎಂದರು ಭಾವ. ಮಣ್ಣು.

ಎಲ್ಲಿಗೆ ಅಂದ. ವಿಜಯವಾಡಕ್ಕೆ ಅಂದರು. ಯಾಕೆ, ವಿಜಯವಾಡದಲ್ಲಿ ಮಣ್ಣಿಲ್ಲವೇ ಅಂದ. ಮಣ್ಣಿದೆ, ಇದು ಬಿಸಿಲಿಗೆ ಹೊರಟಿದೆ ಅಂದರು. ಅವನ ಹುಬ್ಬು ಮೇಲೇರಿತು. ನನಗೆ ಆಗಲೇ ಲಾಕಪ್ಪಿನ ಕಂಬಿ ಕಾಣತೊಡಗಿತ್ತು. ಮಣ್ಣಿನೊಳಗೆ ಏನು ಬಚ್ಚಿಟ್ಟಿದ್ದೀರಿ ಎಂದು ಕೇಳಿದರೆ ಏನು ಹೇಳುವುದು? ಬೇರುಹುಳ ಅನ್ನುವುದೇ? ಭಾವ ಆರಾಮವಾಗಿ ಮೂಟೆ ಬಿಚ್ಚಿ, ಒಂದು ಹಿಡಿ ತೆಗೆದು, ಅವನ ಮೂಗಿನ ಹತ್ತಿರ ಹಿಡಿದರು. ಅರ್ಧ ಗಂಟೆಯ ಮೇಲೆ ಆ ಪೊಲೀಸು ನನ್ನ ಪಕ್ಕದಲ್ಲೇ ಕೂತು, ತನ್ನ ಹೆಂಡತಿಯ ಗುಲಾಬಿ ಗಿಡದ ಕಷ್ಟ ಹೇಳಿಕೊಂಡು, ಅಂಗೈಯಲ್ಲಿ ಪೆನ್ನಿನಿಂದ "ವೇಪ ಪಿಂಡಿ", ಅಂದರೆ ಬೇವಿನ ಹಿಂಡಿ, ಎಂದು ಬರೆದುಕೊಳ್ಳುತ್ತಿದ್ದ. ನನ್ನ ಅಂಗೈಯ ಬೆವರು ಮಾತ್ರ ಆರಿರಲಿಲ್ಲ.

ಗವರ್ನರ್‌ಪೇಟೆಯ ಮನೆ ಸಗಟು ಅಂಗಡಿಗಳ ಮೇಲಿನ ಮೂರನೇ ಮಹಡಿ. ಓನರಮ್ಮ ಬಾಗಿಲು ತೆರೆದವರೇ ಮೂಟೆ ನೋಡಿ, "ಮಳ್ಳೀ ಮಟ್ಟೇನಾ ಬಾಬೂ!", ಮತ್ತೆ ಮಣ್ಣೇ, ಎಂದು ಉದ್ಗರಿಸಿ, ತಾರಸಿಗೆ ಓಡಿಹೋಗಿ ಒಣಹಾಕಿದ್ದ ಸಂಡಿಗೆಯನ್ನೆಲ್ಲ ಒಳಗೆ ತಂದಿಟ್ಟರು. ಹಿಂದೊಮ್ಮೆ ಭಾವ ಹತ್ತಿರದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಿಂದ ಒಂದು ಚೀಲ ಕಲ್ಲಿದ್ದಲ ಬೂದಿ ತಂದು, ಗಾಳಿ ಬೀಸುವ ಹೊತ್ತಿನಲ್ಲೇ ತಾರಸಿಯಲ್ಲಿ ಚೀಲ ಬಿಚ್ಚಿದ್ದರಂತೆ. ಆ ವರ್ಷದ ಸಂಡಿಗೆಯನ್ನು ಆ ಮನೆಯಲ್ಲಿ ಯಾರೂ ತಿನ್ನಲಿಲ್ಲ.

ಮೊದಲ ದಿನ ಬೆಳಿಗ್ಗೆ ಆರಕ್ಕೇ ನಾನು ಮಣ್ಣು ಹರಡಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಇಟ್ಟಿಗೆ ಇಟ್ಟೆ. ಒಂಬತ್ತಕ್ಕೆ ಭಾವನನ್ನು ಕೆಳಗಿಳಿಸಿ, ಓನರಮ್ಮ ಬಿಟ್ಟುಕೊಟ್ಟ ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ ಕೂತೆ. ಅವರು ಚಾವಣಿ ನೋಡುತ್ತಾ ಮಲಗಿ, ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದರು. "ಬೆಂದಿರುತ್ತೇನೋ?"

ಎರಡನೆಯ ದಿನ ಅವರದು ಹೊಸ ವರಾತ. ನಡುಮಧ್ಯಾಹ್ನ ಹಾಳೆ ತೆಗೆದು ಮಣ್ಣನ್ನು ಒಮ್ಮೆ ಮಗುಚಬೇಕು, ಇಲ್ಲದಿದ್ದರೆ ಮೇಲಿನದ್ದು ಮಾತ್ರ ಬೇಯುತ್ತದೆ. "ನೀನೇ ಹೋಗಿ ಬಾ, ಹತ್ತು ನಿಮಿಷ," ಎಂದರು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬೀದಿಯಲ್ಲಿ ಆಟೊದವರೂ ಇರಲಿಲ್ಲ. ಪೇಪರಿನ ತುಂಬ ವಡದೆಬ್ಬದ ಸುದ್ದಿ. ಬಿಸಿಲು ಬಡಿದು ಸಾಯುವುದಕ್ಕೆ ಅಲ್ಲಿ ಅದೇ ಹೆಸರು. "ನನ್ನಿಂದಾಗಲ್ಲ ಭಾವ, ಸಂಜೆ ಮಗುಚಿದರಾಯ್ತು," ಎಂದೆ. ಓನರಮ್ಮ ಗೋಂಗೂರ ಚಟ್ನಿ ಕಲಸಿದ ಅನ್ನ ಬಡಿಸಿದರು. ಕುರ್ಚಿಯಲ್ಲೇ ನನಗೆ ಜೊಂಪು ಹತ್ತಿತು.

ಎಚ್ಚರವಾದಾಗ ಕುರ್ಚಿ ನನ್ನ ಸಮೇತ ಒಂದು ಮಾರು ಪಕ್ಕಕ್ಕೆ ಸರಿದಿತ್ತು. ಹಾಸಿಗೆ ಖಾಲಿ.

ನಾನು ಹೇಗೆ ಮೆಟ್ಟಿಲು ಹತ್ತಿದೆನೋ ಗೊತ್ತಿಲ್ಲ. ತಾರಸಿಯ ಬಾಗಿಲು ತೆರೆದರೆ ಕಣ್ಣು ಕತ್ತಲೆ. ಹಾಳೆ ಅರ್ಧ ತೆಗೆದಿತ್ತು, ಅರ್ಧ ಮಣ್ಣು ಮಗುಚಿತ್ತು, ಕರಣೆ ಅಲ್ಲೇ ಬಿದ್ದಿತ್ತು. ನೀರಿನ ಟ್ಯಾಂಕಿನ ಕೆಳಗೆ, ಗೇಣಗಲದ ನೆರಳಿನಲ್ಲಿ, ಭಾವ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು.

"ಭಾವ!"

ಅವರು ಕದಲಲಿಲ್ಲ. ನಾನು ಹೋಗಿದ್ದರೆ ಹತ್ತು ನಿಮಿಷದ ಕೆಲಸ. ಹೆದರಿ ಕೂತೆ. ಈಗ ಅಕ್ಕನಿಗೆ ಏನು ಹೇಳಲಿ? ಭುಜ ಹಿಡಿದು ಅಲ್ಲಾಡಿಸಿದೆ. ಜೋರಾಗಿ ಅತ್ತೇಬಿಟ್ಟೆ, ನಾಚಿಕೆಯಿಲ್ಲದೆ.

"ಕೂಗ್ಬೇಡ್ವೋ," ಅಂದರು ಕಣ್ಣು ತೆರೆಯದೆ. "ಎಣಿಸ್ತಾ ಇದೀನಿ."

"ಏನನ್ನ?"

"ನಾಡಿ."

ಆಗ ನೋಡಿದೆ. ಅವರ ಬಲಗೈ ಬೆರಳುಗಳು ಎಡಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

"ನೋವಿದೆಯಾ ಭಾವ?"

"ಇಲ್ಲ. ಎದ್ದರೆ ಏನಾದ್ರೂ ಆಗಿಬಿಟ್ರೆ ಅಂತ ಭಯ ಆಯ್ತು. ಹಾಗೇ ಕೂತ್ಕೊಂಡೆ."

ಭಯ! ಆ ಪದ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒದ್ದೆ ಟವಲು ಹೊದಿಸಿ, ಪ್ರತಿ ತಿರುವಿನಲ್ಲೂ ಕೂರಿಸಿ ಕೂರಿಸಿ ಕೆಳಗಿಳಿಸಿದೆ. ಓನರಮ್ಮ ಮಜ್ಜಿಗೆ ಹಿಡಿದು ಓಡಿಬಂದರು, ಪಕ್ಕದ ಬೀದಿಯ ಡಾಕ್ಟರನ್ನು ಕರೆಸಿದರು. ಡಾಕ್ಟರು ಪರೀಕ್ಷೆ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ, ಬಿಸಿಲಿಗೆ ಬಳಲಿದ್ದಾರೆ, ಬಹಳ ಹೆದರಿದ್ದಾರೆ ಎಂದರು.

ಆಗಲೇ ಅಕ್ಕನ ಫೋನು ಬಂತು. ಮಲಗಿದ್ದಾರೆ ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಫೋನು ಕಸಿದುಕೊಂಡರು. "ತಾರಸಿಗೆ ಹೋಗಿದ್ದೆ ಕಣೇ. ಅವನದೇನೂ ತಪ್ಪಿಲ್ಲ, ಮಲಗಿದ್ದ." ಆಚೆಯಿಂದ ಅಕ್ಕನ ಅಳು ನನಗೂ ಕೇಳಿಸಿತು. ಮಣ್ಣನ್ನು ಅಲ್ಲೇ ಸುರಿದು ನಾಳೆಯ ರೈಲಿಗೇ ಹೊರಟು ಬನ್ನಿ ಎಂದಳು. "ಆಗಲಿ," ಎಂದರು ಭಾವ.

ಅಷ್ಟೇ. ವಾದವಿಲ್ಲ, ಉಪವಾಸವಿಲ್ಲ. ನನಗೆ ನಿಜವಾದ ಹೆದರಿಕೆ ಆದದ್ದು ಆಗ. ಭಾವ ಗೋಡೆ ಕಡೆ ತಿರುಗಿ ಮಲಗಿಕೊಂಡೇ ಮಾತಾಡಿದರು.

"ಮೊದಲು ಇದು ಬರೀ ಹುಚ್ಚು ಕಣೋ, ನನಗೇ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಹಾಗಲ್ಲ. ರಾತ್ರಿ ಮಲಗೋವಾಗ ಎದ್ದೇಳ್ತೀನೋ ಇಲ್ವೋ ಅನ್ಸುತ್ತೆ. ನಿಮ್ಮಕ್ಕನಿಗೆ ಹೇಳೋ ಹಾಗಿಲ್ಲ. ಮುಗೀತು ಅಂತ ಎಲ್ಲರೂ ಎಸೆಯೋ ಮಣ್ಣಲ್ಲಿ ಜುಲೈಗೆ ಬೆಂಡೆ ಹೂ ಬಿಡುತ್ತಲ್ಲ, ಅದನ್ನ ನೋಡಿದ್ರೆ ನನಗೂ ಇನ್ನೊಂದು ವರ್ಷ ಇದೆ ಅನ್ಸುತ್ತೆ. ಈ ವರ್ಷ ಅದನ್ನ ನೋಡ್ಬೇಕು ಅಂತಿತ್ತು. ಹೋಗ್ಲಿ ಬಿಡು."

ಹೋಗಲಿ ಬಿಡುವುದೇ? ನಾನು ಅಕ್ಕನಿಗೆ ಫೋನು ಮಾಡಿದೆ. "ನಾಳೆ ಬರಲ್ಲ ಅಕ್ಕ. ಇನ್ನೂ ಒಂದು ದಿನ ಬೇಯಬೇಕು. ಅವರನ್ನ ಬಿಸಿಲಿಗೆ ಬಿಡಲ್ಲ, ನಾನು ಹೋಗ್ತೀನಿ," ಎಂದೆ. ಅವಳು ಬಯ್ಯಲು ಶುರುಮಾಡುವ ಮೊದಲೇ ಇಟ್ಟುಬಿಟ್ಟೆ. ಜನ್ಮದಲ್ಲಿ ಮೊದಲ ಸಲ!

ಮರುದಿನ ಹನ್ನೆರಡೂವರೆಗೆ ತಲೆಗೆ ಒದ್ದೆ ಟವಲು ಸುತ್ತಿ ಮೇಲೆ ಹೋದೆ. ಭಾವ ಮೊದಲೇ ನಿಧಾನವಾಗಿ ಬಂದು, ಬಾಗಿಲ ಒಳಗಿನ ಮೆಟ್ಟಿಲ ಮೇಲೆ, ನೆರಳಿನಲ್ಲಿ, ತಂಬಿಗೆ ನೀರು ಇಟ್ಟುಕೊಂಡು ಕೂತಿದ್ದರು. ನಾನು ಹಾಳೆ ಸರಿಸಿದೆ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಹೀಗೆ ಮಾಡು ಹಾಗೆ ಮಾಡು ಎಂದು ಅವರು ಈಗ ಶುರುಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಮಣಿಕಟ್ಟಿನ ಗಡಿಯಾರ ನೋಡುತ್ತಾ ಕೂತಿದ್ದರು.

"ಐದು ನಿಮಿಷ ಆಯ್ತು. ಸಾಕು, ಒಳಗೆ ಬಾರೋ."

"ಇನ್ನೂ ಅರ್ಧ ಇದೆ ಭಾವ."

"ಇರ್ಲಿ ಬಾ."

"ಮಣ್ಣು ಬೇಯಬೇಡವೇ?"

"ಮಣ್ಣಿನ ಮನೆ ಹಾಳಾಗ," ಎಂದು ಗದರಿದರು. "ಬಂದು ನೀರು ಕುಡಿಯೋ. ನೀನು ಅಲ್ಲಿ ನಿಂತಿದ್ರೆ ನನಗೆ ಭಯ ಆಗುತ್ತೆ."