ಅವಲಕ್ಕಿ ತಿಂದು ರಾಜೀನಾಮೆ ಕೊಟ್ಟ ಮಾಮಾ

ನಮ್ಮ ಮಾಮಾನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ದೂರು ಎಂದು ತಿಳಿಯಿರಿ. ಇಂಥ ಒಬ್ಬರು ನೆಂಟರಲ್ಲಿದ್ದರೆ ಉಳಿದವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದಾರೆ. "ಬೆಲ್ಲ ಹೆಂಗೈತ್ರಿ?" ಎಂದು ಗಿರಾಕಿ ಕೇಳಿದರೆ, "ಇವತ್ತಿಂದು ಅಷ್ಟಕ್ಕಷ್ಟ. ಬಾಜು ಅಂಗಡ್ಯಾಗ ನೋಡ್ರಿ" ಎನ್ನುತ್ತಾರೆ. ಬಾಜು ಅಂಗಡಿಯವರು ದಿನಾ ಇವರಿಗೆ ಚಹಾ ಕಳಿಸುವುದು ಸುಮ್ಮನೆ ಅಲ್ಲ. ಹಿಂದೆ ನನಗೆ ಹೆಣ್ಣು ಕೊಡಲು ಕಾಕತಿಯಿಂದ ಬಂದವರು ಹುಡುಗನ ಗುಣ ವಿಚಾರಿಸಿದರು. "ಹುಡುಗ ಛಲೋ ಅದಾನ್ರಿ. ಆದ್ರ ಭಾಳ ಅಂಜಬುರಕ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಅರ್ಧಾ ದಾರಿಯಿಂದ ಹೊಳ್ಳಿ ಬರ್ತಾನ" ಎಂದರು ಮಾಮಾ. ಹೆಣ್ಣಿನ ಕಡೆಯವರು ನಕ್ಕರು. ನಾನು ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ನೋಡಿಕೊಂಡು ಬಂದೆ.

ಈ ರೋಗದ ಮೂಲ ಇರುವುದು ತಾಲೀಮಿನಲ್ಲಿ. ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ. ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣು. ಇಳಿಯುವ ಮೊದಲು ಹಣೆಗೆ ಹಚ್ಚಿಕೊಳ್ಳಬೇಕು. ಅದರ ಮೇಲೆ ನಿಂತು ಸುಳ್ಳಾಡಬಾರದು. ಈ ಕಟ್ಟಳೆಯನ್ನು ಎಲ್ಲ ಪೈಲವಾನರೂ ಪಾಲಿಸುತ್ತಾರೆ. ಸುಳ್ಳು ಹೇಳಲೇಬೇಕಾಗಿ ಬಂದರೆ ಬದಿಯ ಕಟ್ಟೆ ಹತ್ತಿ ಹೇಳುತ್ತಾರೆ! ಮಾಮಾ ಮಾತ್ರ, "ನಲವತ್ತು ವರ್ಷದ ಮಣ್ಣು ನನ್ನ ಅಂಗಾಲಿಗೆ ಹತ್ತೇತಿ. ನಾ ಎಲ್ಲಿ ನಿಂತ್ರೂ ಮಣ್ಣಿನ ಮ್ಯಾಲೇ ನಿಂತಂಗ" ಎನ್ನುವವರು. ಅವರು ನಮ್ಮ ಕುಸ್ತಿ ಸಂಘದ ಅಧ್ಯಕ್ಷರು. ಬೇರೆ ಯಾರೂ ಒಪ್ಪದ ಕಾರಣ ನಾನು ಕಾರ್ಯದರ್ಶಿ.

ತಾಲೀಮಿನ ಗೋಡೆಯ ಮೇಲೆ ಮಾಮಾ ತಮ್ಮ ಕೈಯಿಂದಲೇ ಕೆಂಪು ಬಣ್ಣದಲ್ಲಿ ಬರೆದ ನಿಯಮ ಒಂದಿದೆ. 'ಇಲ್ಲಿಗೆ ಬರುವ ಯಾರೂ ಪ್ರೇಮದ ಭಾನಗಡಿ ಇಟ್ಟುಕೊಳ್ಳಬಾರದು. ಇಟ್ಟುಕೊಂಡವರು ತಾವಾಗಿ ಹೊರಗೆ ಹೋಗತಕ್ಕದ್ದು.' ಭಾನಗಡಿ ಎಂದರೆ ನಮ್ಮ ಕಡೆ ಇಲ್ಲದ ಉಸಾಬರಿ. ಕಸರತ್ತಿನ ನಡುವೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದ ಒಬ್ಬ ಪೈಲವಾನನನ್ನು, ಆ ಕಡೆ ಇದ್ದವಳು ಅವನಿಗೆ ನಿಶ್ಚಯವಾದ ಹುಡುಗಿಯೇ ಆದರೂ, ಲಗ್ನ ಮುಗಿಯುವವರೆಗೆ ಒಳಗೆ ಬಿಟ್ಟಿರಲಿಲ್ಲ.

ಮಾಮಾನ ಹೆಂಡತಿ, ನಮ್ಮ ಅತ್ತೆ, ತೀರಿಕೊಂಡು ಆರು ವರ್ಷವಾಯಿತು. ಹೋದ ವರ್ಷದಿಂದ ಮಾಮಾ ಪ್ರತಿ ಬುಧವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಖಾನಾಪುರದ ರೈಲು ಹತ್ತತೊಡಗಿದರು. ಯಾಕೆ ಎಂದು ಕೇಳಿದರೆ, "ಅವಲಕ್ಕಿ ತಿನ್ನಾಕ." ಎಲ್ಲರೂ ನಗುತ್ತಿದ್ದರು. ಬೆಳಗಾವಿಯಲ್ಲಿ ಅವಲಕ್ಕಿಗೆ ಬರವೇ? ನಾನೂ ನಕ್ಕೆ. ಜನ್ಮದಲ್ಲಿ ಸುಳ್ಳು ಹೇಳದ ಮನುಷ್ಯ ಇದೊಂದನ್ನು ಮಾತ್ರ ತಮಾಷೆಗೆ ಹೇಳುತ್ತಾನೆಂದು ನಂಬಿದೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು!

ಒಂದು ಬುಧವಾರ ಸಂಜೆ ಸಂಘದ ವಾಟ್ಸಾಪ್ ಗುಂಪಿಗೆ ಅಧ್ಯಕ್ಷರಿಂದ ಸಂದೇಶ ಬಂತು. "ಅಕ್ಕೋರ, ಅವಲಕ್ಕಿ ಛಲೋ ಆಗಿತ್ರಿ. ನೀವು ನಕ್ಕಿದ್ದು ಅದಕ್ಕಿಂತ ಛಲೋ ಇತ್ರಿ. ಮುಂದಿನ ಬುಧವಾರ ಮತ್ತ ಬರ್ತೀನಿ." ಅಕ್ಕೋರು ಎಂದರೆ ಶಾಲೆಯ ಶಿಕ್ಷಕಿ. ಯಾವ ಶಿಕ್ಷಕಿ? ಕೂಡಲೇ ಫೋನು ಹಚ್ಚಿದೆ. "ಮಾಮಾ, ಮದ್ಲ ಆ ಮೆಸೇಜ್ ಅಳಸ್ರಿ." ಮಾಮಾ ಅಲ್ಲೇ ಏನೋ ಒತ್ತಿದರು. "ಅಳಸಿದೆ ನೋಡು. ಹೋತು" ಎಂದರು. ಹೋಗಿದ್ದು ನಿಜ, ಅವರ ಫೋನಿನಿಂದ ಮಾತ್ರ! ಉಳಿದ ಎಲ್ಲರ ಫೋನಿನಲ್ಲೂ ಅದು ಹಾಗೇ ಕೂತಿತ್ತು. ಇನ್ನು ಅದನ್ನು ತೆಗೆಯಲು ಅವರಿಂದಲೂ ಆಗದು, ನನ್ನಿಂದಲೂ ಆಗದು.

ಮರುದಿನ ಪೇಟೆಯವರ ಬಾಯಲ್ಲಿ ಮಾಮಾನಿಗೆ ಖಾನಾಪುರದಲ್ಲಿ ಇನ್ನೊಂದು ಸಂಸಾರವಿತ್ತು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಇಬ್ಬರು ಮಕ್ಕಳಾದರು. ಸಂಜೆಗೆ ದೊಡ್ಡವನು ಕಾಲೇಜಿಗೆ ಹೋಗುತ್ತಿದ್ದ. ಬಾಜು ಅಂಗಡಿಯಿಂದ ಚಹಾ ಬರುವುದು ನಿಂತಿತು. ನನಗೆ ಊಟ ಸೇರದಾಯಿತು. ಮಾಮಾನ ಬದುಕಿನಲ್ಲಿ ಉಳಿದಿದ್ದೇ ಆ ತಾಲೀಮು, ಅದೂ ಕೈತಪ್ಪಿದರೆ ಗತಿಯೇನು ಎಂಬ ಚಿಂತೆ ಒಂದು ಕಡೆ. ಜನ ನನ್ನ ಮುಖ ನೋಡಿ ನಗುತ್ತಾರಲ್ಲ ಎಂಬುದು ಇನ್ನೊಂದು ಕಡೆ. ಯಾವುದು ಹೆಚ್ಚು ಕಾಡುತ್ತಿತ್ತು ಎಂದು ಆಗ ಯೋಚಿಸಲಿಲ್ಲ.

ರವಿವಾರ ಬೆಳಿಗ್ಗೆ ಸಭೆ ಸೇರಿತು. ನಮ್ಮಲ್ಲಿ ಉಳಿದವರು ಕಟ್ಟೆಯ ಮೇಲೆ ಕೂರುತ್ತಾರೆ, ಮಾತಾಡುವವರು ಮಣ್ಣಿನ ಮೇಲೆ ನಿಲ್ಲುತ್ತಾರೆ. ಕುಸ್ತಿ ಕಲಿಸುವ ಮುದಿ ವಸ್ತಾದರಿಗೆ ಮಾಮಾನನ್ನು ಉಳಿಸಿಕೊಳ್ಳುವ ಆಸೆ.

"ಅಧ್ಯಕ್ಷರ, ಒಂದೀಟು ಕಟ್ಟಿ ಮ್ಯಾಲೆ ಬರ್ರಿ. ಇಲ್ಲಿ ನಿಂತು, ಆಕಿ ನಮ್ಮ ದೂರದ ತಂಗಿ ಅಂದುಬಿಡ್ರಿ. ನಾವೆಲ್ಲಾ ನಂಬತೇವಿ."

"ತಂಗಿ ಅಲ್ಲ."

"ಅದು ನಮಗೂ ಗೊತ್ತೈತ್ರಿ. ಅನ್ನಾಕ ಏನು ಹೋಗತೈತಿ?"

"ಆಕಿ ಮರ್ಯಾದಿ ಹೋಗತೈತಿ" ಎಂದರು ಮಾಮಾ. "ಶಾಲಿ ಕ್ರೀಡಾಕೂಟಕ್ಕ ಅತಿಥಿ ಅಂತ ಹೋದಾಗ ಪರಿಚಯ ಆತು. ರಿಟೈರ್ ಆಗ್ಯಾರ. ಒಬ್ಬರ ಇರ್ತಾರ. ನಾ ಹೋಗತೀನಿ, ಅವಲಕ್ಕಿ ತಿಂತೀನಿ, ಮಾತಾಡ್ತೀವಿ. ಅವರ ಮುಂದ ಕುಂತ್ರ ಸಮಾಧಾನ ಆಗತೈತಿ. ಅದಕ್ಕ ಏನಂತಾರೋ ನನಗ ಗೊತ್ತಿಲ್ಲ. ಆದ್ರ ನಿಯಮಕ್ಕ ಅಡ್ಡ ಬರತೈತಿ."

"ಅದು ಹುಡುಗರಿಗೆ ಮಾಡಿದ ನಿಯಮರಿ" ಎಂದು ಯಾರೋ ಅಂದರು.

"ಗ್ವಾಡಿ ಮ್ಯಾಲೆ ವಯಸ್ಸು ಬರದೀನೇನು?"

ನನಗೆ ತಡೆಯಲಾಗಲಿಲ್ಲ. "ಮಾಮಾ, ಮನಿತನದ ಮರ್ಯಾದಿ ನೋಡ್ರಿ. ತಂಗಿ ಅಂದುಬಿಡ್ರಿ" ಎಂದೆ. ಮಾಮಾ ನನ್ನನ್ನು ಮಣ್ಣಿಗೆ ಕರೆದರು. ಚಪ್ಪಲಿ ಬಿಟ್ಟು ಇಳಿದೆ. ಮಣ್ಣು ತಣ್ಣಗಿತ್ತು.

"ನನ್ನಿಂದ ನಿನಗ ನಾಚಿಕಿ ಆಗೇತೇನು? ಖರೇ ಹೇಳು."

ಕಟ್ಟೆಯ ಕಡೆ ನೋಡಿದೆ. ಎರಡೇ ಹೆಜ್ಜೆ ದೂರವಿತ್ತು.

"ಆಗೇತ್ರಿ" ಎಂದೆ.

ಮಾಮಾ ತಲೆಯಾಡಿಸಿದರು. ಪಟ್ಟು ಸರಿಯಾಗಿ ಹಾಕಿದ ಪೈಲವಾನನಿಗೆ ತಲೆಯಾಡಿಸುವ ಹಾಗೆ. ತಾಲೀಮಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಹೊರಗೆ ಹೋದರು. ಕಾಗದದ ರಾಜೀನಾಮೆ ಮಧ್ಯಾಹ್ನ ಬಂತು, ಒಂದೇ ಸಾಲಿನದು.

ಮುಂದಿನ ಬುಧವಾರ ಹನ್ನೊಂದು ಗಂಟೆಗೆ ಪೇಟೆಯಲ್ಲಿ ಹಾದು ಹೋಗುವಾಗ ನೋಡುತ್ತೇನೆ, ಮಾಮಾ ಅಂಗಡಿಯಲ್ಲೇ ಕೂತಿದ್ದಾರೆ.

"ಖಾನಾಪುರಕ್ಕ ಹೋಗಲಿಲ್ರೇನು ಮಾಮಾ?"

"ಅಧ್ಯಕ್ಷ ಅಂತ ಹೇಳಿ ಪರಿಚಯ ಆಗಿತ್ತು. ಈಗ ಯಾರಂತ ಹೋಗ್ಲಿ?"

ಅಷ್ಟರಲ್ಲಿ ಗಿರಾಕಿ ಬಂದು ಬೆಲ್ಲ ಹೇಗಿದೆ ಎಂದು ಕೇಳಿದ. "ಛಲೋ ಐತಿ" ಎಂದರು ಮಾಮಾ, ಬೆಲ್ಲದ ಕಡೆ ನೋಡದೆಯೇ. ನಾನು ಆಯುಷ್ಯದಲ್ಲಿ ಬೇಕಾದಷ್ಟು ಹೆದರಿದ್ದೇನೆ. ಆ ಎರಡು ಶಬ್ದ ಕೇಳಿ ಹೆದರಿದಷ್ಟು ಎಂದೂ ಹೆದರಿರಲಿಲ್ಲ.

ಅಂಗಡಿಯ ಬಾಗಿಲು ಎಳೆಸಿ ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಪೆಟ್ರೋಲು ಸಾಕಾದೀತೇ, ಅಕ್ಕೋರು ಬಾಗಿಲು ಮುಚ್ಚಿಬಿಟ್ಟರೆ ಏನು ಮಾಡುವುದು, ಮನೆಯ ಗ್ಯಾಸು, ಎಲ್ಲ ಚಿಂತೆಗಳೂ ನಮ್ಮ ಜೊತೆಗೇ ಖಾನಾಪುರಕ್ಕೆ ಬಂದವು.

ಬಾಗಿಲು ತೆರೆದವರು ಬಿಳಿಗೂದಲಿನ, ಕನ್ನಡಕದ ಹೆಂಗಸು. ಮಾಮಾ ಹೊಸ್ತಿಲಾಚೆಯೇ ನಿಂತು ಹೇಳಿದರು. "ಅಕ್ಕೋರ, ನಾ ಈಗ ಅಧ್ಯಕ್ಷ ಅಲ್ರಿ."

"ನಾ ಏನು ಅಧ್ಯಕ್ಷರಿಗಂತ ಒಗ್ಗರಣಿ ಹಾಕತಿದ್ದೆನೇನ್ರಿ?" ಎಂದರು ಅವರು. "ಒಳಗ ಬರ್ರಿ. ಅವಲಕ್ಕಿ ಆರಿ ಹೋಗತೈತಿ. ನೀವೂ ಬರ್ರಿ ತಮ್ಮಾ."

ಮಾಮಾ ತಟ್ಟೆಗೆ ಬಾಗಿ ಉಂಡರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಅತ್ತೆ ಹೋದ ಮೇಲೆ ಅವರು ಉಣ್ಣುವುದನ್ನು ನಾನು ಎದುರು ಕೂತು ನೋಡಿದ್ದು ಅದೇ ಮೊದಲು. ಆರು ವರ್ಷ. ನನ್ನ ಮನೆ ಅವರ ಮನೆಯಿಂದ ಎರಡೇ ಓಣಿ ಆಚೆಗಿದೆ.

ಮರಳಿ ಬರುವಾಗ ಸ್ಕೂಟರನ್ನು ತಾಲೀಮಿನ ಮುಂದೆ ನಿಲ್ಲಿಸಿದೆ. ಪೈಲವಾನರು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಬೀಗ ತೆಗೆದು, ಚಪ್ಪಲಿ ಬಿಟ್ಟು, ಮಣ್ಣಿನ ನಡುವೆ ಹೋಗಿ ನಿಂತೆ.

"ಮಾಮಾ, ಅವತ್ತು ಕೇಳಿದ್ದನ್ನ ಇನ್ನೊಮ್ಮೆ ಕೇಳ್ರಿ."

ಮಾಮಾ ಚಪ್ಪಲಿ ಬಿಟ್ಟು ಇಳಿದು ಬಂದರು. ಏನೂ ಕೇಳಲಿಲ್ಲ. ಬಗ್ಗಿ ಚಿಟಿಕೆ ಮಣ್ಣು ತೆಗೆದುಕೊಂಡು ನನ್ನ ಹಣೆಗೆ ಹಚ್ಚಿದರು.