ಸೂರ್ಯನಿಗೆ ಬಿಸಿಲು ತಾಗಿತು

ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ನಾವೇ ಊರಿನ ಕೆಲವರು ಸೇರಿ ಒಂದು ನಾಟಕ ಕಟ್ಟಿ ಊರೂರು ತಿರುಗುತ್ತಿದ್ದೇವೆ. ವಿಷಯ ಗಂಭೀರವಾದದ್ದೇ. ಆದರೆ ನಾವು ಅಳಿಸಲು ಹೋದ ಕಡೆಯಲ್ಲೆಲ್ಲ ಜನ ನಕ್ಕು ಕಳಿಸುತ್ತಾರೆ.

ಒಳಗೂ ಮೇಲೂ

ಊರಿಗಾಂನಲ್ಲಿ ತಾಲೀಮು. ಅಲ್ಲಿನ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ತಾತ ಒಬ್ಬರು ಬಂದು ಕೂತರು.

"ಏನಪ್ಪಾ ಕತೆ?"

"ಭೂಮಿ ಬಿಸಿ ಆಗ್ತಾ ಇದೆ ತಾತ."

"ಇವಾಗ ಗೊತ್ತಾಯ್ತಾ? ನಾವು ಗಣಿಗೆ ಇಳ್ದಾಗ್ಲೇ ಬಿಸಿ ಇತ್ತು."

"ಅದು ಒಳಗಿನ ಬಿಸಿ ತಾತ. ಇದು ಮೇಲಿನದು."

ತಾತ ಯೋಚಿಸಿದರು. "ಕೆಳಗೂ ಬಿಸಿ, ಮೇಲೂ ಬಿಸಿ. ಅಂಗಾದ್ರೆ ನಡುವೆ ಇರೋ ನಾವು ಇಡ್ಲಿ!"

ಎರಡು ವಾರ ತಿಣುಕಿ ನಾನು ಬರೆದಿದ್ದ ಪೀಠಿಕೆಯನ್ನು ಅಂದೇ ಹರಿದು ಹಾಕಿದೆ. ಈಗ ನಾಟಕ ಶುರುವಾಗುವುದೇ ಇಡ್ಲಿಯಿಂದ.

ಕೊನೆಯ ಮರ

ಕಾಮಸಮುದ್ರದಲ್ಲಿ ಪ್ರದರ್ಶನ. ಲೋಕದ ಕಟ್ಟಕಡೆಯ ಮರದ ಪಾತ್ರ ನಮ್ಮ ಟೈಲರ್ ಅಕ್ಕನದು. ಸಹಜವಾಗಿರಲಿ ಎಂದು ಮೈತುಂಬ ಹಸಿ ಹಲಸಿನ ಸೊಪ್ಪು ಕಟ್ಟಿಕೊಂಡಿದ್ದರು. ಕೊಡಲಿ ಹಿಡಿದ ಕಂಟ್ರಾಕ್ಟರ್ ಪಾತ್ರಧಾರಿ ಬರುವ ಮೊದಲೇ ಎಲ್ಲಿಂದಲೋ ಒಂದು ಮೇಕೆ ನುಗ್ಗಿ ಮೇಯತೊಡಗಿತು.

"ಓ ಮಾನವರೇ, ನನ್ನನ್ನು ಉಳಿಸಿ..." ಎಂದು ಮಾತು ಶುರು ಮಾಡಿದ್ದ ಅಕ್ಕ, "ಮೊದ್ಲು ಈ ಮೇಕೆ ಹಿಡೀರಪ್ಪೋ!" ಎಂದು ಕಿರುಚಿದರು. ಮರ ಕಡಿಯಬೇಕಾದ ಕಂಟ್ರಾಕ್ಟರೇ ಕೊಡಲಿ ಬಿಸಾಕಿ ಓಡಿಬಂದು ಮರ ಉಳಿಸಿದ.

ಆಟ ಮುಗಿದ ಮೇಲೆ ಮೇಕೆಯ ಯಜಮಾನ ಬಂದ. ಬೈಯುತ್ತಾನೆ ಅಂದುಕೊಂಡೆ.

"ನಮ್ ಮೇಕೆಗೂ ಪಾರ್ಟ್ ಐತೆ ಅಂತ ಮುಂಚೇನೇ ಯೋಳ್ಬಾರ್ದಾ ಸಾ? ಮೈ ತೊಳ್ದು ಕರ್ಕೊಂಬತ್ತಿದ್ದೆ!"

ಮಜ್ಜಿಗೆ

ಬೇತಮಂಗಲದ ಬಸ್ ಸ್ಟಾಂಡ್ ಪಕ್ಕ, ಏಪ್ರಿಲ್ ಮಧ್ಯಾಹ್ನ. ಸೂರ್ಯನ ಪಾತ್ರಕ್ಕೆ ಹಾಲಿನ ಡೈರಿಯ ಅಣ್ಣ. ಮೈಯೂ ದೊಡ್ಡದು, ದನಿಯೂ ದೊಡ್ಡದು. ಹಳೇ ಕಂಬಳಿಗೆ ಹಳದಿ ಬಟ್ಟೆ ಹೊಲಿದು ತೊಡಿಸಿದ್ದೆವು.

"ನಾನು ಸೂರ್ಯ! ಲೋಕವನ್ನೇ ಸುಡುತ್ತೇನೆ!" ಎಂದು ಗರ್ಜಿಸಿದವನು ಹಾಗೇ ಕುಸಿದು ಕೂತ. ನಾನು ಓಡುವಷ್ಟರಲ್ಲಿ, ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ನಡುವೆ ಬಂದು ಅವನ ತಲೆಗೆ ಕೊಡೆ ಹಿಡಿದು, ಬಾಟಲಿಯಲ್ಲಿದ್ದ ಮಜ್ಜಿಗೆ ಕುಡಿಸಿದಳು. ಆಮೇಲೆ ಜನರ ಕಡೆ ತಿರುಗಿ, "ನೋಡ್ರಪ್ಪಾ, ಸೂರ್ಯಪ್ಪನ್ಗೇ ಬಿಸ್ಲು ತಡ್ಯಕ್ಕಾಯ್ತಿಲ್ಲ. ನಮ್ ಗತಿ ಏನು!" ಎಂದಳು. ಅವಳೂ ನಾಟಕದವಳೇ ಎಂದುಕೊಂಡು ಜನ ಚಪ್ಪಾಳೆಯೋ ಚಪ್ಪಾಳೆ.

ಚಪ್ಪಾಳೆ ಕೇಳಿ ಅಣ್ಣನಿಗೆ ಜೀವ ಬಂತು. ಎದ್ದು ನಿಂತು, ಕೈ ಚಾಚಿ, "ಎಲ್ಲರನ್ನೂ ಸುಟ್ಟು ಬೂದಿ ಮಾಡುತ್ತೇನೆ!" ಎಂದ.

ಅಜ್ಜಿ ಕೊಡೆ ಮಡಚಿ ಎತ್ತಿದಳು.

"ನನ್ ಮಜ್ಜಿಗೆ ಕುಡ್ದು ನನ್ನೇ ಸುಡ್ತೀಯೇನ್ಲಾ? ಕುಂತ್ಕೋ ಸುಮ್ಕೆ!"

ಸೂರ್ಯ ಕುಂತ.